ಅಭ್ಯಾಸ ಇರುವ ಕಾಲು

ಲೇಸು ಬಿಚ್ಚಿದವಳು ನಾನೇ. ಮೊದಲು ಅದನ್ನು ಹೇಳಿಬಿಡುತ್ತೇನೆ. ಆಮೇಲೆ ಬೇರೆಯವರನ್ನು ಬೈಯಲು ನನಗೆ ಬಾಯಿ ಇರುತ್ತದೆ.

ನನ್ನ ಹೆಸರು ಆಂಡಾಳ್. ಚಾಮರಾಜಪೇಟೆ ಮುಗಿದು ಬಸವನಗುಡಿ ಶುರುವಾಗುವ ಕಡೆ ಹಳೇಕಟ್ಟೆ ಮೈದಾನ ಅಂತ ಇದೆ. ಅದರ ಪಂಪ್‌ಹೌಸಿನ ಹಿಂದೆ ಒಂದು ಶೀಟಿನ ಮನೆ. ಅದು ನಮ್ಮದು. ನಮ್ಮದು ಅಂದರೆ ಇರಲು ಬಿಟ್ಟಿದ್ದಾರೆ, ಅಷ್ಟೇ. ನಮ್ಮಪ್ಪ ಓಬಳಪ್ಪ ಆ ಮೈದಾನದ ಆಳು. ಮೂವತ್ತೆಂಟು ವರ್ಷ ಗುಡಿಸಿದ, ನೀರು ಹಾಕಿದ, ರೋಲರ್ ಎಳೆದ, ಓಟದ ದಿನ ಸುಣ್ಣದ ಗೆರೆ ಹಾಕಿದ. ಅವನು ಸತ್ತ ಮೇಲೆ ಅದೇ ಪೊರಕೆ, ಅದೇ ಸುಣ್ಣದ ಡಬ್ಬಿ ನನ್ನ ಕೈಗೆ ಬಂತು. ಸಂಬಳ ಮಾತ್ರ ಅವನದಕ್ಕಿಂತ ಕಮ್ಮಿ. ಹೆಂಗಸು, ಜೊತೆಗೆ ಟೆಂಪರರಿ. ಗಂಡ ಅಂತ ಒಬ್ಬನಿದ್ದ. ಅವನ ಮಾತು ಇಲ್ಲಿ ಬೇಡ.

ಆ ಟ್ರ್ಯಾಕ್ ಬೂದಿಯದು. ಹತ್ತಿರದ ಬಟ್ಟೆ ಗಿರಣಿ ನಡೆಯುತ್ತಿದ್ದ ಕಾಲದಲ್ಲಿ ಬಾಯ್ಲರಿನ ಬೂದಿಯನ್ನು ಗಾಡಿಯಲ್ಲಿ ತಂದು ಸುರಿಯುತ್ತಿದ್ದರು. ನಮ್ಮಪ್ಪ, ನಮ್ಮವ್ವ ಅದನ್ನು ಜರಡಿ ಹಿಡಿದು, ಮಂಕರಿಯಲ್ಲಿ ತಲೆಮೇಲೆ ಹೊತ್ತು ನಾನೂರು ಮೀಟರ್ ಸುತ್ತಲೂ ಹರಡಿದ್ದರು. ನಮ್ಮವ್ವ ಕೆಮ್ಮಿದರೆ ಕಪ್ಪು ಬರುತ್ತಿತ್ತು. ದಿನಾ ಬೆಳಗ್ಗೆ ನೀರು ಹೊಡೆದರೆ ಮಟಮಟ ಮಧ್ಯಾಹ್ನದಲ್ಲೂ ಅದು ತಣ್ಣಗಿರುತ್ತಿತ್ತು. ಅಪ್ಪ ಹೇಳುತ್ತಿದ್ದ: "ಬೂದಿ ಕಾಲು ಸುಡಲ್ಲ ಕಣೇ. ಅದು ಆಗ್ಲೇ ಸುಟ್ಟು ಮುಗಿಸಿರೋದು."

ಅಪ್ಪ ಮೈದಾನದಲ್ಲಿ ಚಪ್ಪಲಿ ಹಾಕಿದವನಲ್ಲ. ಅವನು ಕೆಲಸಕ್ಕೆ ಸೇರಿದಾಗ ಇದ್ದ ಸೆಕ್ರೆಟರಿ ಹಾಗೆ ಕಟ್ಟಪ್ಪಣೆ ಮಾಡಿದ್ದನಂತೆ. ಓಡುವವರು ಮೊಳೆ ಶೂ ಹಾಕಿ ತುಳಿಯಬಹುದು, ಗುಡಿಸುವವನು ಚಪ್ಪಲಿ ಹಾಕಿ ತುಳಿಯಬಾರದು. ಗುಡಿಯ ಬೀದಿಯಲ್ಲಿ ಹೋಗುವಾಗಲೂ ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಆಗ ಯಾರೂ ಹೇಳುತ್ತಿರಲಿಲ್ಲ, ಕೇಳುತ್ತಲೂ ಇರಲಿಲ್ಲ. ಆದರೂ ಕಂಕುಳಿಗೆ ಹೋಗುತ್ತಿತ್ತು. ಯಾಕಪ್ಪ ಅಂದರೆ, ಅಭ್ಯಾಸ ಅನ್ನುತ್ತಿದ್ದ.

ನನ್ನ ಮಗಳಿಗೂ ಒಂದು ಅಭ್ಯಾಸ ಇತ್ತು. ಅದು ಬೇರೆ. ಬೆಳಗ್ಗೆ ಐದಕ್ಕೆ ಎದ್ದು ಓಡುವುದು. ಅವಳು ರುದ್ರಾಣಿ. ಹದಿನಾಲ್ಕು ವರ್ಷ, ಸರ್ಕಾರಿ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ಒಂದು ಸುತ್ತಿನ ಓಟ ಅವಳದು. ಶಾಲೆಯ ಮೇಷ್ಟ್ರು ಗಡಿಯಾರ ಹಿಡಿದು ಅರವತ್ತೆರಡು ಸೆಕೆಂಡ್ ಅಂದರು. ನನಗೆ ಅದು ಹೆಚ್ಚೋ ಕಮ್ಮಿಯೋ ಗೊತ್ತಾಗಲಿಲ್ಲ. ಮೇಷ್ಟ್ರು ಮತ್ತೊಂದು ಸಲ ಓಡಿಸಿ, ಮತ್ತೆ ಗಡಿಯಾರ ನೋಡಿ, ಸುಮ್ಮನೆ ನಿಂತುಬಿಟ್ಟರು. ಆಗ ಗೊತ್ತಾಯಿತು.

ಅವಳಿಗೆ ಶೂ ಕೊಡಿಸಿದೆ. ಮೊಳೆ ಶೂ. ಮೂರು ಮದುವೆಗೆ ಛತ್ರದಲ್ಲಿ ಪಾತ್ರೆ ಉಜ್ಜಿದೆ, ಸಂಡೆ ಬಜಾರಿನಲ್ಲಿ ಹಳೆಯದು ಸಿಕ್ಕಿತು. ನೀಲಿ ಬಣ್ಣ. ಎರಡು ನಂಬರ್ ದೊಡ್ಡದು. ಮುಂದೆ ಹತ್ತಿ ತುಂಬಿಕೊಂಡಳು. ಓಡಿ ಬಂದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ದೇವರ ಗೂಡಿನ ಕೆಳಗೆ ಇಡುತ್ತಿದ್ದಳು. ನಮ್ಮ ವಂಶದಲ್ಲಿ ಆ ಮೈದಾನವನ್ನು ಶೂ ಹಾಕಿ ತುಳಿದ ಮೊದಲನೆಯವಳು ಅವಳು.

ಆದರೆ ಟ್ರ್ಯಾಕ್ ಹಾಳಾಗಿತ್ತು. ಗಿರಣಿ ಮುಚ್ಚಿ ಎಷ್ಟೋ ವರ್ಷ ಆಗಿತ್ತು, ಹೊಸ ಬೂದಿ ಎಲ್ಲಿಂದ ಬರಬೇಕು? ಪ್ರತಿ ಮಳೆಗೂ ಕೊಚ್ಚಿ ಹೋಗುತ್ತಿತ್ತು. ಎರಡನೇ ತಿರುವಿನಲ್ಲಿ ಗುಂಡಿ. ನಾನು ಮಣ್ಣು ತುಂಬಿದರೆ ಎರಡು ದಿನ. ರುದ್ರಾಣಿ ಅಲ್ಲಿ ಕಾಲು ಉಳುಕಿಸಿಕೊಂಡು ಆರು ವಾರ ಮೂಲೆಯಲ್ಲಿ ಕೂತಳು. ಆ ವರ್ಷದ ಜಿಲ್ಲಾ ಸೆಲೆಕ್ಷನ್ ತಪ್ಪಿತು. ಅದೇ ಗುಂಡಿಯಲ್ಲಿ ವಾಕಿಂಗ್ ಬರುವ ಒಬ್ಬ ಯಜಮಾನರು ಬಿದ್ದು ಮುಂಗೈ ಮುರಿದುಕೊಂಡರು. ಬಳಗ ಹುಟ್ಟಿದ್ದು ಆಗ. ನನ್ನ ಮಗಳ ಕಾಲಿಗಲ್ಲ, ಅವರ ಕೈಗೆ.

"ಟ್ರ್ಯಾಕ್ ಉಳಿಸಿ ಬಳಗ." ಅಧ್ಯಕ್ಷರು ದೊರೆಸ್ವಾಮಿ. ಬ್ಯಾಂಕಿನಿಂದ ರಿಟೈರ್ ಆದವರು, ಮೈದಾನದ ಎದುರಿನ ರಸ್ತೆಯಲ್ಲೇ ಮನೆ. ಕೆಟ್ಟವರಲ್ಲ. ಯಾರ ಮೇಲೂ ರೇಗುವವರಲ್ಲ. ಮೊದಲ ದಿನ ನನ್ನ ಹೆಸರು ಕೇಳಿದರು. ಹೇಳಿದೆ.

"ಆಂಡಾಳ್? ಅದು ನಮ್ಮವರ ಹೆಸರಲ್ವೇನಮ್ಮ?" ಅಂದರು.

ಹೌದು, ಅವರವರ ಹೆಸರೇ. ನಮ್ಮವ್ವ ಆಂಡಾಳಮ್ಮ ಅನ್ನುವವರ ಮನೆಯ ಹಿತ್ತಲು ಗುಡಿಸುತ್ತಿದ್ದಳು. ನಾನು ಹುಟ್ಟಿದಾಗ ಆ ಅಮ್ಮ ಒಂದು ಹಳೇ ಸೀರೆ ಕೊಟ್ಟರು. ಆ ಋಣಕ್ಕೆ ಅವ್ವ ಅವರ ಹೆಸರೇ ಇಟ್ಟಳು. ಅದು ತಿಳಿದ ಮೇಲೆ ಒಂದು ತಿಂಗಳು ಆ ಅಮ್ಮ ನಮ್ಮವ್ವನಿಗೆ ಕಾಫಿ ಕೊಡಲಿಲ್ಲವಂತೆ. ದೊರೆಸ್ವಾಮಿಯವರು ಹಾಗೇನೂ ಮಾಡಲಿಲ್ಲ. ನನ್ನನ್ನು ಓಬಳಪ್ಪನ ಮಗಳು ಅಂತ ಕರೆಯುತ್ತೇನೆ ಅಂದರು. ಆಮೇಲೆ ಒಂದು ದಿನವೂ ಅವರ ಬಾಯಲ್ಲಿ ನನ್ನ ಹೆಸರು ಬರಲಿಲ್ಲ.

ಹೊಸ ಟ್ರ್ಯಾಕ್ ಕೆಂಪು ರಬ್ಬರಿನದು, ಗೆರೆ ಪೇಂಟಿನದು ಅಂತ ಮೊದಲೇ ಗೊತ್ತಿತ್ತು. ಅದಕ್ಕೆ ನೀರು ಬೇಡ, ರೋಲರ್ ಬೇಡ, ಸುಣ್ಣ ಬೇಡ. ಅಂದರೆ ನಾನೂ ಬೇಡ. ಗೊತ್ತಿದ್ದೂ ಬಳಗದ ಹಿಂದೆ ಹೋದೆ. ಮಗಳಿಗೆ ಗುಂಡಿಯಿಲ್ಲದ ಒಂದು ಸುತ್ತು ಬೇಕಿತ್ತು. ಅದು ಸಿಕ್ಕಿದರೆ ನಾನು ಎಲ್ಲಿ ಬೇಕಾದರೂ ಪಾತ್ರೆ ಉಜ್ಜುತ್ತಿದ್ದೆ.

ದುಡ್ಡು ಎತ್ತಲು ಒಂದು ಫೋಟೋ ಬೇಕು ಅಂದರು. ದೀಪ್ತಿ ಅನ್ನುವ ಹುಡುಗಿ ಕ್ಯಾಮೆರಾ ಹಿಡಿದು ಬಂದಳು. ದೊರೆಸ್ವಾಮಿಯವರ ತಂಗಿಯ ಮಗಳು, ಜಾಹೀರಾತು ಮಾಡುವ ಕಂಪನಿಯಲ್ಲಿ ಕೆಲಸ. ರುದ್ರಾಣಿ ಶೂ ಹಾಕಿಕೊಂಡು, ಎರಡು ಜಡೆ ಬಿಗಿದು ಗೆರೆಯ ಮೇಲೆ ನಿಂತಳು. ದೀಪ್ತಿ ನಾಲ್ಕೈದು ಫೋಟೋ ತೆಗೆದಳು. ಮಾವನಿಗೆ ತೋರಿಸಿದಳು. ಇಬ್ಬರೂ ಏನೋ ಮಾತಾಡಿಕೊಂಡರು. ಆಮೇಲೆ ಅವಳು ನನ್ನ ಹತ್ತಿರ ಬಂದು, ಶೂ ತೆಗೆದು ಒಂದು ಸಲ ಓಡಿದರೆ ಚೆನ್ನಾಗಿರುತ್ತೆ ಅಕ್ಕ, ಐದೇ ನಿಮಿಷ ಅಂದಳು.

ರುದ್ರಾಣಿ ನನ್ನ ಮುಖ ನೋಡಿದಳು. "ನಂಗೆ ಶೂ ಇದೆಯಲ್ಲ," ಅಂದಳು.

ದೊರೆಸ್ವಾಮಿ ನಕ್ಕರು. "ಶೂ ಹಾಕ್ಕೊಂಡಿರೋ ಮಗುಗೆ ಯಾರು ದುಡ್ಡು ಕೊಡ್ತಾರಮ್ಮ?"

ಅವಳು ಬಗ್ಗಲಿಲ್ಲ. ಕಂಬದ ಹಾಗೆ ನಿಂತಳು. ನಾನು ಬಗ್ಗಿದೆ. ಮಂಡಿಯೂರಿ ಲೇಸು ಬಿಚ್ಚಿದೆ. ಗಂಟು ಬಿಗಿಯಾಗಿತ್ತು, ಹಲ್ಲಿನಲ್ಲಿ ಕಚ್ಚಿ ಎಳೆದೆ. ಶೂ ಕಿತ್ತಾಗ ಹತ್ತಿ ಹೊರಗೆ ಬಿತ್ತು. ಅದನ್ನು ಎಲ್ಲರೂ ನೋಡಿದರು. ಅವಳು ಓಡಿದಳು. ದೀಪ್ತಿ ನೆಲದ ಮೇಲೆ ಮಲಗಿ ಕಾಲನ್ನೇ ತೆಗೆದಳು. ಮುಖ ಬರಲಿಲ್ಲ. ಬೂದಿ ಮೆತ್ತಿದ ಎರಡು ಪಾದ, ಕೆಳಗೆ ದಪ್ಪ ಅಕ್ಷರ: ಈ ಪಾದಗಳಿಗೊಂದು ಟ್ರ್ಯಾಕ್ ಕೊಡೋಣ.

ಥೂ, ಎಂಥ ತಾಯಿ ನಾನು.

ಆ ಫೋಟೋ ಗಾಂಧಿಬಜಾರಿನ ಹೂವಿನ ಅಂಗಡಿಯ ಮೇಲೆ, ಹೋಟೆಲಿನ ಗಲ್ಲಾದ ಮುಂದೆ, ಎಲ್ಲರ ಮೊಬೈಲಿನಲ್ಲಿ ಬಂತು. ಭಾನುವಾರ ಭಾನುವಾರ ಬಳಗದವರು ಮನೆಮನೆಗೆ ಹೊರಟರು. ನಮ್ಮನ್ನೂ ಕರೆದುಕೊಂಡರು. ಗೇಟಿನ ಹತ್ತಿರ ನಾವು ನಿಲ್ಲುವುದು, ಒಳಗೆ ಅವರು ಕೂತು ಮಾತಾಡುವುದು. ಸ್ವಲ್ಪ ಹೊತ್ತಿಗೆ ಮನೆಯವರು ಹೊರಗೆ ಬಂದು ಈ ಹುಡುಗೀನಾ ಅನ್ನುವರು. ಒಂದು ಮನೆಯ ಅಮ್ಮ, ಪಾಪ, ಪಾದ ತೋರಿಸಮ್ಮ ಅಂದರು. ರುದ್ರಾಣಿ ಗೇಟು ಹಿಡಿದು, ಲಾಳ ಹೊಡೆಸಿಕೊಳ್ಳುವ ಕುದುರೆಯ ಹಾಗೆ ಕಾಲು ಹಿಂದಕ್ಕೆ ಎತ್ತಿದಳು. ಆ ಅಮ್ಮ ಬಗ್ಗಿ ನೋಡಿದರು, ಲೊಚಗುಟ್ಟಿದರು, ಒಳಗೆ ಹೋಗಿ ಚೆಕ್ ಬರೆದರು. ಮುಟ್ಟಲಿಲ್ಲ.

ಆಮೇಲೆ ಎಲ್ಲ ಮನೆಯಲ್ಲೂ ಅದೇ. ಕಾಲು ಎತ್ತು, ಕಾಲು ಇಳಿಸು.

ಒಂದು ದಿನ ಅವಳ ಚೀಲದಲ್ಲಿ ಶೂ ಇರುವುದನ್ನು ಒಂದು ಮನೆಯವರು ನೋಡಿಬಿಟ್ಟರು. ಮತ್ತೆ ಬರಿಗಾಲು ಅಂದಿರಲ್ಲ ಅಂತ ಕೇಳಿದರು. ದೀಪ್ತಿಯ ಮುಖ ಕೆಂಪಾಯಿತು. ಮುಂದಿನ ಭಾನುವಾರದಿಂದ ಶೂ ಮನೆಯಲ್ಲೇ ಇಟ್ಟು ಬರಬೇಕು ಅಂತ ದೊರೆಸ್ವಾಮಿಯವರು ನನಗೆ ಮೆತ್ತಗೆ ಹೇಳಿದರು. ಅವತ್ತು ಮನೆಗೆ ಬಂದು ರುದ್ರಾಣಿ ಶೂವನ್ನು ಗೂಡಿನ ಕೆಳಗಿಂದ ತೆಗೆದು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಳು. ಕಳ್ಳತನದ ಮಾಲಿನ ಹಾಗೆ. ಯಾಕೆ ಅಂದೆ. ಯಾರಾದ್ರೂ ನೋಡಿದ್ರೆ ಅಂದಳು. ನಾನು ಒಲೆ ಊದುತ್ತಾ ಕೂತೆ.

ದುಡ್ಡು ಆಯಿತು. ಎಷ್ಟು ಅಂತ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಜೆಸಿಬಿ ಬಂತು. ಅಪ್ಪ ಅವ್ವ ಹೊತ್ತು ಹಾಕಿದ ಬೂದಿಯನ್ನು ಮೂರು ದಿನದಲ್ಲಿ ಬಾಚಿತು. ಕಂಟ್ರಾಕ್ಟರ್ ನನ್ನನ್ನೇ ಕೂಲಿಗೆ ಹಾಕಿಕೊಂಡ. ಬಾಚಿ ಉಳಿದಿದ್ದನ್ನು ಗೋರಿ ಲಾರಿಗೆ ತುಂಬಿದೆ. ಅವ್ವ ಹಾಕಿದ್ದನ್ನು ನಾನು ತೆಗೆದೆ. ಸಂಜೆಗೆ ಕೆಮ್ಮಿದರೆ ನನಗೂ ಕಪ್ಪು ಬಂತು. ಆಮೇಲೆ ಜಲ್ಲಿ, ಡಾಂಬರು, ಅದರ ಮೇಲೆ ಕೆಂಪು ರಬ್ಬರು. ಮಷೀನು ತಳ್ಳಿಕೊಂಡು ಬಂದವರು ಒಂದೇ ದಿನದಲ್ಲಿ ಬಿಳಿ ಗೆರೆ ಹಾಕಿ ಹೋದರು. ನಿಜ ಹೇಳಬೇಕು, ಗೆರೆ ನೆಟ್ಟಗಿತ್ತು. ಪಂಪಿನ ಕನೆಕ್ಷನ್ ಕಿತ್ತರು. ನನ್ನ ಹತ್ತಿರ ಮೂರು ಚೀಲ ಸುಣ್ಣ ಉಳಿಯಿತು.

ಆಗ ಕೇದಾರ್ ಬಂದ. ಬಳಗದವರು ನೇಮಿಸಿಕೊಂಡ ಕೋಚು. ಹೊಸ ಟ್ರ್ಯಾಕಿನಲ್ಲಿ ಅಕಾಡೆಮಿ, ತಿಂಗಳಿಗೆ ಇಷ್ಟು ಅಂತ ಫೀಜು, ಫೀಜು ಕಟ್ಟಿದವರಿಗೆ ಗೇಟಿನಲ್ಲಿ ಕಾರ್ಡು. ಕಾರ್ಡಿಲ್ಲದಿದ್ದರೆ ಒಳಗಿಲ್ಲ. ಬಡವರಿಗೆ ಅಂತ ಐದು ಸೀಟು ಇದೆ, ಒಂದು ರುದ್ರಾಣಿಯದೇ ಅಂದ. ಅವಳನ್ನು ಓಡಿಸಿ ನೋಡಿದ್ದ. ಒಳ್ಳೆಯ ಹುಡುಗ, ಓಟ ಗೊತ್ತಿತ್ತು. ಈ ಸಲ ಜಿಲ್ಲೆಯಲ್ಲಿ ಇವಳನ್ನು ಹಿಡಿಯುವವರಿಲ್ಲ ಅಂದ. ಜಿಲ್ಲಾ ಕೂಟ ಗುರುವಾರ, ಅವಳ ಓಟ ಬೆಳಗ್ಗೆ ಹತ್ತು ನಲವತ್ತಕ್ಕೆ. ಟ್ರ್ಯಾಕಿನ ಉದ್ಘಾಟನೆ ಅದಕ್ಕೆ ನಾಲ್ಕು ದಿನ ಮುಂಚೆ, ಭಾನುವಾರ.

ಉದ್ಘಾಟನೆಗೆ ಒಂದು ಸಣ್ಣ ಕಾರ್ಯಕ್ರಮ ಇದೆ ಅಂದ. ಫೋಟೋದಲ್ಲಿದ್ದ ಹುಡುಗಿ ಬರಿಗಾಲಲ್ಲಿ ಜ್ಯೋತಿ ಹಿಡಿದು ಮೊದಲ ಸುತ್ತು ಓಡುತ್ತಾಳೆ. ಮುಗಿದ ಮೇಲೆ ಮುಖ್ಯ ಅತಿಥಿಗಳು ಅವಳಿಗೆ ಹೊಸ ಶೂ ಕೊಡುತ್ತಾರೆ. ವೇದಿಕೆಯ ಮೇಲೆ, ತಮ್ಮ ಕೈಯಾರೆ ತೊಡಿಸುತ್ತಾರೆ.

ಅವಳಿಗೆ ಶೂ ಇದೆಯಲ್ಲ ಸಾರ್ ಅಂದೆ.

"ಗೊತ್ತು ಅಕ್ಕ. ಅದೊಂದಿನ ಇಲ್ಲ ಅಂದ್ಕೊಳ್ಳಿ. ಸೀಟಿನ ವಿಷಯ ಅಧ್ಯಕ್ಷರ ಕೈಲಿದೆ," ಅಂದ.

ಅಂದುಕೊಂಡೆ. ಇಷ್ಟು ದಿನ ಅಂದುಕೊಂಡಿದ್ದೆ, ಇನ್ನೊಂದು ದಿನ ಯಾವ ಲೆಕ್ಕ. ಗುರುವಾರಕ್ಕೆ ಅಂತ ಆ ನೀಲಿ ಶೂಗೆ ಹೊಸ ಲೇಸು ತಂದಿಟ್ಟೆ.

ಭಾನುವಾರ ಬೆಳಗ್ಗೆ ಎಂಟೂವರೆಗೆ ಟ್ರ್ಯಾಕಿಗೆ ಪೂಜೆ. ಏಪ್ರಿಲ್ ತಿಂಗಳು. ಓಟ ಶುರುವಾಗುವ ಗೆರೆಯ ಮೇಲೆ ಅರಿಶಿನ ಕುಂಕುಮ, ನಾಲ್ಕು ಮೂಲೆಗೆ ನಿಂಬೆಹಣ್ಣು. ಪೂಜೆಯಾದ ನೆಲ ಅಂತ ಬಳಗದವರೆಲ್ಲ ಚಪ್ಪಲಿ, ಶೂ ಗೇಟಿನಲ್ಲೇ ಬಿಟ್ಟರು. ವೇದಿಕೆಯಿಂದ ಆ ಗೆರೆಯವರೆಗೆ ಹಸಿರು ಜಮಖಾನೆ ಹಾಸಿತ್ತು. ಅವರು ಓಡಾಡಿದ್ದೆಲ್ಲ ಅದರ ಮೇಲೆ. ಒಂಬತ್ತಕ್ಕೆ ಬರಬೇಕಾದ ಅತಿಥಿಗಳು ಬರಲಿಲ್ಲ. ಹತ್ತಾಯಿತು. ಹನ್ನೊಂದಾಯಿತು. ಶಾಮಿಯಾನದ ಕೆಳಗೆ ಮಜ್ಜಿಗೆ ಹಂಚಿದರು. ರುದ್ರಾಣಿ ಬಿಳಿ ಬಟ್ಟೆ ಹಾಕಿಕೊಂಡು, ಇನ್ನೂ ಹಚ್ಚದ ಜ್ಯೋತಿ ಹಿಡಿದು ಕಂಬದ ನೆರಳಲ್ಲಿ ಕೂತಿದ್ದಳು. ಗೇಟಿನಲ್ಲಿ ಹೊಸ ಬೋರ್ಡು ನೇತು ಹಾಕಿದ್ದರು. ಟ್ರ್ಯಾಕಿನ ನಿಯಮ ಅಂತ. ಎರಡನೆಯದು, ಬರಿಗಾಲಲ್ಲಿ ಓಡುವಂತಿಲ್ಲ. ಅದರ ಪಕ್ಕದಲ್ಲೇ ನನ್ನ ಮಗಳ ಪಾದದ ಬ್ಯಾನರು. ಎರಡನ್ನೂ ಕಟ್ಟಿದವನು ಒಬ್ಬನೇ ಇರಬೇಕು, ಅವನಿಗೂ ನಗು ಬರಲಿಲ್ಲವೇ ಅಂತ ನನಗೆ ಅನ್ನಿಸಿತು.

ಅತಿಥಿಗಳ ಕಾರು ಬಂದಾಗ ಹನ್ನೆರಡೂ ಮುಕ್ಕಾಲು. ಬಿಸಿಲು ನೆತ್ತಿಯಲ್ಲಿತ್ತು. ನೀರಿನ ಕ್ಯಾನ್ ತರಲು ಟ್ರ್ಯಾಕ್ ದಾಟುತ್ತಿದ್ದೆ. ಹವಾಯಿ ಚಪ್ಪಲಿಯ ಒಳಗಿಂದಲೇ ಬಿಸಿ ತಟ್ಟಿತು. ನಿಂತೆ. ಚಪ್ಪಲಿ ಬಿಟ್ಟು ಒಂದು ಕಾಲು ಇಟ್ಟೆ. ನನ್ನ ಕಾಲು ಸುಣ್ಣದಲ್ಲಿ ನೆಂದು ಒಡೆದ ಕಾಲು. ಮೂರು ಎಣಿಸುವುದರೊಳಗೆ ಎತ್ತಿಬಿಟ್ಟೆ. ಕಾದ ಹೆಂಚು. ಅಷ್ಟು ಜನ ಓದಿದವರು, ಅಷ್ಟು ದಿನ ಯೋಚಿಸಿದ್ದ ಕಾರ್ಯಕ್ರಮ. ಮಧ್ಯಾಹ್ನ ಬರಿಗಾಲಲ್ಲಿ ನಿಂತು ಗೊತ್ತಿದ್ದವರು ಅವರಲ್ಲಿ ಒಬ್ಬರೂ ಇರಲಿಲ್ಲ. ತಪ್ಪು ಅಷ್ಟೇ ಆಗಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಓಡಿಹೋಗಿ ದೊರೆಸ್ವಾಮಿಯವರಿಗೆ ಹೇಳಿದೆ. ಅವರು ಹಾರ ಸರಿಮಾಡುತ್ತಿದ್ದರು. ಟ್ರ್ಯಾಕ್ ಸುಡುತ್ತಿದೆ ಸಾರ್, ಗುರುವಾರ ಅವಳ ಓಟ ಇದೆ, ಶೂ ಹಾಕಿ ಓಡಲಿ, ಇಲ್ಲ ಸಂಜೆ ಇಟ್ಟುಕೊಳ್ಳಿ ಅಂದೆ. ಅವರು ರೇಗಲಿಲ್ಲ. ನಾನು ಹೇಳಿದೆನಲ್ಲ, ರೇಗುವವರಲ್ಲ. ಬೆನ್ನು ತಟ್ಟುವ ಹಾಗೆ ಕೈ ಎತ್ತಿದರು, ತಟ್ಟಲಿಲ್ಲ.

"ಒಂದೇ ರೌಂಡು, ಒಂದು ನಿಮಿಷದ ಕೆಲಸ. ನಿಮ್ಮೋರ ಕಾಲಿಗೆ ಇದೆಲ್ಲ ಅಭ್ಯಾಸ ಇರತ್ತಲ್ಲಮ್ಮ."

ಅಭ್ಯಾಸ. ನನ್ನ ಅಪ್ಪನ ಕಂಕುಳಲ್ಲಿದ್ದ ಚಪ್ಪಲಿ ಕಣ್ಣ ಮುಂದೆ ಬಂತು. ಏನೋ ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಮೈಕಿನಲ್ಲಿ ಮುಖ್ಯ ಅತಿಥಿಗಳಿಂದ ಜ್ಯೋತಿ ಅಂತ ಕೂಗಿದರು. ಅವರು ಹಚ್ಚಿ ಅವಳ ಕೈಗೆ ಕೊಟ್ಟರು. ಚಪ್ಪಾಳೆ. ಕೇದಾರ್ ಸೀಟಿ ಊದಿದ.

ಸೀಟಿ ಊದಿದರೆ ಓಡಬೇಕು ಅಂತ ಅವಳಿಗೆ ಕಲಿಸಿದ್ದೇವೆ. ಓಡಿದಳು.

ಮೊದಲ ಐವತ್ತು ಹೆಜ್ಜೆ ಏನೂ ಗೊತ್ತಾಗಲಿಲ್ಲ. ಆಮೇಲೆ ಅವಳು ಸಾಲು ಬಿಟ್ಟು ಬಿಳಿ ಗೆರೆಯ ಮೇಲೆ ಕಾಲಿಡಲು ಶುರು ಮಾಡಿದಳು. ಪೇಂಟು ಸ್ವಲ್ಪ ಕಡಿಮೆ ಸುಡುತ್ತಿತ್ತು ಅಂತ ಆಮೇಲೆ ಹೇಳಿದಳು. ನಾಲ್ಕು ಬೆರಳಗಲದ ಗೆರೆ. ಅದರ ಮೇಲೇ ಒಂದರ ಮುಂದೊಂದು ಪಾದ ಇಟ್ಟು ಓಡುತ್ತಿದ್ದಳು. ಜನ ಅದನ್ನು ಕಸರತ್ತು ಅಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಮೈಕಿನವನು ಏನೋ ಹೊಗಳಿದ. ನಾನು ನಡುವಿನ ಹುಲ್ಲು ದಾಟಿ ಓಡಿದೆ. ಸೀರೆ ಕಾಲಿಗೆ ಸಿಕ್ಕಿ ಒಮ್ಮೆ ಬಿದ್ದೆ. ಎದ್ದೆ. ಎರಡನೇ ತಿರುವಿನಲ್ಲಿ, ಹಳೇ ಗುಂಡಿ ಇದ್ದ ಜಾಗದಲ್ಲೇ, ಅವಳಿಗೆ ಅಡ್ಡ ನಿಂತೆ. ನಿಂತುಕೋ ಅಂದೆ. ಅವಳು ಬಂದು ನನ್ನ ಎದೆಗೆ ಬಿದ್ದಳು. ಕೈಯಲ್ಲಿದ್ದ ಜ್ಯೋತಿ ಜಾರಿತು.

ಬೆಂಕಿ ರಬ್ಬರಿನ ಮೇಲೆ ಬಿತ್ತು. ಎಣ್ಣೆ ಚೆಲ್ಲಿತು. ಒಂದು ತಟ್ಟೆಯಗಲ ಉರಿಯಿತು. ಕಪ್ಪು ಹೊಗೆ, ಸುಟ್ಟ ಟೈರಿನ ವಾಸನೆ.

ಶಾಮಿಯಾನದಿಂದ ಕೂಗು ಬಂತು. ಟ್ರ್ಯಾಕ್, ಟ್ರ್ಯಾಕ್ ಅಂತ. ಪೂಜೆ ಮುಗಿದ ಮೇಲೆ ಬಂದು ಚಪ್ಪಲಿ ಬಿಡದಿದ್ದ ಹತ್ತು ಹನ್ನೆರಡು ಜನ ಟ್ರ್ಯಾಕ್ ದಾಟಿ ಹುಲ್ಲಿನ ಮೇಲೆ ಓಡಿಬಂದರು. ಕೈಯಲ್ಲಿ ನೀರಿನ ಬಾಟಲಿ. ನಾನು ರುದ್ರಾಣಿಯನ್ನು ಹುಲ್ಲಿಗೆ ಎಳೆದು ಕೂರಿಸಿ, ಅವಳ ಎರಡೂ ಪಾದ ನನ್ನ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಹೆಬ್ಬೆರಳಿನ ಕೆಳಗೆ ಬೊಬ್ಬೆ ಎದ್ದು ಒಡೆದಿತ್ತು. ಹಿಮ್ಮಡಿಯ ಚರ್ಮ ಸುಲಿದು ಮಡಚಿಕೊಂಡಿತ್ತು. ನೀರು ಕೊಡಿ ಅಂತ ಕೈ ಚಾಚಿದೆ. ಬಾಟಲಿಗಳು ನನ್ನ ತಲೆಯ ಪಕ್ಕದಿಂದ ಹೋದವು. ಎಲ್ಲ ನೀರನ್ನೂ ರಬ್ಬರಿನ ಮೇಲೆ ಸುರಿದರು. ಒಬ್ಬರು ತಮ್ಮ ರೇಷ್ಮೆ ಶಲ್ಯದಿಂದ ಆ ಜಾಗ ಒತ್ತಿದರು. ಬೆಂಕಿ ಆರಿತು. ಆರಿದ ಮೇಲೂ ಸುತ್ತ ನಿಂತು, ತೂತಾಗಿದೆಯಾ, ತೇಪೆ ಹಾಕಬಹುದಾ ಅಂತ ಬಗ್ಗಿ ನೋಡುತ್ತಿದ್ದರು. ನಾವು ಎರಡು ಮೊಳ ದೂರದಲ್ಲಿದ್ದೆವು.

ದೀಪ್ತಿ ಮಾತ್ರ ಜ್ಯೂಸಿನವನ ಹತ್ತಿರದಿಂದ ಐಸು ತಂದಳು. ಅಳುತ್ತಿದ್ದಳು. ಐಸು ತೆಗೆದುಕೊಂಡೆ. ಅಳು ನನಗೆ ಬೇಕಿರಲಿಲ್ಲ.

ಮೈಕಿನಲ್ಲಿ ಮತ್ತೆ ಕರೆದರು. ಅತಿಥಿಗಳಿಗೆ ಬೇರೆ ಕಾರ್ಯಕ್ರಮ ಇದೆ, ಶೂ ಪ್ರದಾನ ಈಗಲೇ ಆಗಬೇಕು. ಸುಟ್ಟ ಜಾಗ ನೋಡಲು ದೊರೆಸ್ವಾಮಿಯವರು ಬಂದಿರಲಿಲ್ಲ, ಅತಿಥಿಗಳ ಪಕ್ಕದಲ್ಲೇ ಇದ್ದರು. ಈಗ ಶೂ ಡಬ್ಬ ಹಿಡಿದು ಜಮಖಾನೆಯ ಕೊನೆಯವರೆಗೆ ಬಂದರು. ಮಗಳನ್ನು ಎತ್ತಿಕೊಂಡು ನಾನು ಹುಲ್ಲಿನ ಮೇಲೆ ಅವರ ಎದುರಿಗೆ ಹೋದೆ. ನನಗೂ ಅವರಿಗೂ ನಡುವೆ ಟ್ರ್ಯಾಕಿನ ಆರು ಸಾಲು. ಕೆಂಪಗೆ ಕಾದ ಹತ್ತು ಹೆಜ್ಜೆ.

"ಮಗೂನ ಕರ್ಕೊಂಡ್ ಬಾಮ್ಮ. ಗೆಸ್ಟ್ ಕಾಯ್ತಿದಾರೆ," ಅಂದರು.

"ನೀವೇ ಬನ್ನಿ ಸಾರ್," ಅಂದೆ. "ಹತ್ತು ಹೆಜ್ಜೆ. ಬಂದು ಕೊಟ್ಟು ಹೋಗಿ."

ಪೂಜೆಗೆ ಅಂತ ಬಿಟ್ಟಿದ್ದರಲ್ಲ, ಅವರ ಕಾಲಿನಲ್ಲಿ ಏನೂ ಇರಲಿಲ್ಲ. ಬೆಳ್ಳಗಿನ, ಮೆತ್ತಗಿನ ಪಾದ. ಅವರು ನನ್ನನ್ನು ನೋಡಿದರು, ಟ್ರ್ಯಾಕ್ ನೋಡಿದರು. ಜಮಖಾನೆಯಿಂದ ಒಂದು ಕಾಲು ಕೆಳಗಿಟ್ಟರು. ಇಟ್ಟ ಹಾಗೇ ಹಿಂದಕ್ಕೆ ಎಳೆದುಕೊಂಡರು. ಡಬ್ಬ ಕೈಯಿಂದ ಜಾರಿ ಬಿತ್ತು. ಇಡೀ ಶಾಮಿಯಾನ ನೋಡಿತು.

"ಅಭ್ಯಾಸ ಇಲ್ವಾ ಸಾರ್?"

ನನ್ನ ಕೈಲಿ ಮೈಕು ಇರಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. ದೊರೆಸ್ವಾಮಿಯವರು ಒಂದು ಕಾಲಿನ ಮೇಲೆ ನಿಂತು ಇನ್ನೊಂದರ ಅಂಗಾಲನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು.

"ಈ ಕಾಲು ನನ್ನ ಮಗಳದು. ಫೋಟೋ ನಿಮ್ಮದಾಗಿರಬಹುದು. ಅವಳಿಗೆ ಶೂ ಇದೆ. ಅವತ್ತೂ ಇತ್ತು. ನೀವು ಬಿಚ್ಚು ಅಂದ್ರಿ, ನಾನು ಬಿಚ್ಚಿದೆ. ಇನ್ನು ಬಿಚ್ಚಲ್ಲ," ಅಂದೆ.

ಮಗಳನ್ನು ಬೆನ್ನಿಗೆ ಹಾಕಿಕೊಂಡೆ. ಹವಾಯಿ ಚಪ್ಪಲಿ ಹಾಕಿದ ಕಾಲಲ್ಲೇ ಟ್ರ್ಯಾಕ್ ದಾಟಿ, ಅವರ ಹಸಿರು ಜಮಖಾನೆ ತುಳಿದುಕೊಂಡು, ವೇದಿಕೆಯ ಮುಂದಿನಿಂದ ಹೊರಗೆ ಹೋದೆ. ಮೂವತ್ತೆಂಟು ವರ್ಷ ನಮ್ಮಪ್ಪ ಹೋಗದ ದಾರಿ ಅದು. ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಸುಟ್ಟ ಚರ್ಮ ಕತ್ತರಿಸಿ ಪಟ್ಟಿ ಕಟ್ಟಿದರು. ಮೂರು ವಾರ ನೆಲಕ್ಕೆ ಕಾಲು ಇಡಬಾರದು ಅಂದರು. ರುದ್ರಾಣಿ ಗುರುವಾರ ಅಂದಳು. ಡಾಕ್ಟರು ಯಾವ ಗುರುವಾರ ಅಂತ ಕೇಳಿದರು. ಅವಳು ಮುಖ ಗೋಡೆಗೆ ತಿರುಗಿಸಿದಳು.

ಸೋಮವಾರ ಕೆಲಸ ಇಲ್ಲ ಅಂದರು. ಮಂಗಳವಾರ ಶೀಟಿನ ಮನೆ ತಿಂಗಳೊಳಗೆ ಬಿಡಬೇಕು ಅಂತ ಕಾಗದ ಬಂತು. ಅಲ್ಲಿ ಅಕಾಡೆಮಿಯ ಸಾಮಾನು ಇಡುತ್ತಾರಂತೆ. ಬುಧವಾರ ಹಾಡಹಗಲೇ ನಾನು ಒಂದು ಚೀಲ ಸುಣ್ಣ ಕಲಸಿದೆ. ಗೇಟಿನ ಬ್ಯಾನರಿನ ಮೇಲಿದ್ದ ಎರಡು ಪಾದಕ್ಕೂ ಬಳಿದೆ. ಎರಡು ಕೋಟ್. ವಾಕಿಂಗಿನವರು ನಿಂತು ನೋಡಿದರು. ನೋಡಲಿ ಅಂತಲೇ ಹಗಲು ಬಳಿದಿದ್ದು. ಈಗ ಅಲ್ಲಿ ಅಕ್ಷರ ಮಾತ್ರ ಇದೆ. ಈ ಪಾದಗಳಿಗೊಂದು ಟ್ರ್ಯಾಕ್ ಕೊಡೋಣ. ಮೇಲೆ ಬರೀ ಬಿಳಿ.

ಗುರುವಾರ ಬೆಳಗ್ಗೆ ಹತ್ತೂವರೆಗೆ ಕೇದಾರ್ ನಮ್ಮ ಬಾಗಿಲಿಗೆ ಬಂದ. ಅವತ್ತು ಅವನು ಕೂಟದಲ್ಲಿ ಇರಬೇಕಿತ್ತು. ಕರೆದುಕೊಂಡು ಹೋಗಲು ಓಟಗಾರ್ತಿಯೇ ಇರಲಿಲ್ಲ. ಕೈಯಲ್ಲಿ ಅಕಾಡೆಮಿಯ ಫಾರಂ ಇತ್ತು. ರುದ್ರಾಣಿ ಹೊಸ್ತಿಲ ಮೇಲೆ ಪಟ್ಟಿ ಕಟ್ಟಿದ ಕಾಲು ಚಾಚಿ ಕೂತಿದ್ದಳು. ಕೇದಾರ್ ಅವಳ ಕಾಲು ನೋಡಲಿಲ್ಲ. ದೊರೆಸ್ವಾಮಿಯವರು ದೊಡ್ಡ ಮನಸ್ಸು ಮಾಡಿದ್ದಾರೆ ಅಂದ. ಸೀಟು ಇನ್ನೂ ಹಾಗೇ ಇದೆಯಂತೆ. ಮನೆಯ ವಿಷಯವನ್ನೂ ನೋಡೋಣ ಅಂದರಂತೆ. ಅವತ್ತಿನದಕ್ಕೂ ಬ್ಯಾನರಿಗೂ ಸೇರಿಸಿ ನಾನು ಹೋಗಿ ಒಂದು ಮಾತು ಹೇಳಿಬಿಡಬೇಕು.

"ತಪ್ಪಾಯ್ತು ಅಂತ ಕೈ ಮುಗಿದ್ರೆ ಮುಗೀತು ಅಕ್ಕ. ನಿಮಗೇನು ಹೊಸದಾ?"

ಸುಳ್ಳು ಯಾಕೆ ಹೇಳಲಿ. ನಾನು ಹೊರಟಿದ್ದೆ. ಮೂರು ವಾರ ಆದ ಮೇಲೆ ಕಾಲು ವಾಸಿಯಾಗುತ್ತದೆ, ಮುಂದಿನ ವರ್ಷ ಮತ್ತೊಂದು ಜಿಲ್ಲಾ ಕೂಟ ಬರುತ್ತದೆ, ಟ್ರ್ಯಾಕಿಲ್ಲದೆ ಎಲ್ಲಿ ಓಡುತ್ತಾಳೆ ಅನ್ನುವ ಲೆಕ್ಕ ತಲೆಯಲ್ಲಿ ಓಡಿತು. ಕೈ ಒರೆಸಿಕೊಂಡು ಸೆರಗು ಸರಿಮಾಡಿಕೊಂಡೆ. ಮುಗಿದು ಮುಗಿದು ಈ ಕೈಗೆ ದಾರಿ ಗೊತ್ತು.

"ಅಮ್ಮ, ಟೈಮೆಷ್ಟು?" ಅಂತ ರುದ್ರಾಣಿ ಕೇಳಿದಳು.

ಮೊಬೈಲ್ ನೋಡಿದೆ. ಹತ್ತು ನಲವತ್ತು.

ಅವಳು ಕೂತಲ್ಲೇ ಒಳಕ್ಕೆ ವಾಲಿ, ಬಾಗಿಲ ಪಕ್ಕದ ಅಕ್ಕಿ ಡಬ್ಬದ ಹಿಂದೆ ಕೈ ಹಾಕಿ ಶೂ ಎಳೆದುಕೊಂಡಳು. ಹೊಸ ಲೇಸು ಹಾಕಿದ ನೀಲಿ ಶೂ. ಕೇದಾರ್ ಕಡೆ ತಿರುಗಿ, "ಆ ಅಭ್ಯಾಸ ಬಿಟ್ಟಿದೀವಿ ಸಾರ್. ಹೇಳ್ಬಿಡಿ," ಅಂದಳು.

ಕೇದಾರ್ ಫಾರಂ ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದ.

ಅವಳಿಗೆ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಕೂತಲ್ಲೇ ಶೂ ಒಳಗಿಂದ ಹತ್ತಿ ಕಿತ್ತು ಬಿಸಾಕಿದಳು. ಹಲ್ಲು ಕಚ್ಚಿಕೊಂಡು ಕಾಲು ತೂರಿಸಿದಳು. ನಾನು ಬೇಡ ಅನ್ನಲಿಲ್ಲ. ಮಂಡಿಯೂರಿ ಲೇಸು ಕಟ್ಟಿದೆ. ಪಾದ ಊದಿತ್ತು, ಮೇಲೆ ಪಟ್ಟಿ ಬೇರೆ. ತಂದ ದಿನದಿಂದ ಇವತ್ತೇ ಮೊದಲು ಆ ಶೂ ಅವಳಿಗೆ ಸರಿಯಾಗಿ ಹಿಡಿಯಿತು.